ರಾತ್ರಿ ಎರಡಕ್ಕೇ ಆರುತ್ತಿದ್ದ ಸೋಲಾರ್ ದೀಪ: ಬ್ಯಾಟರಿ ಲೆಕ್ಕ ಸರಿ ಮಾಡಿದ್ದು

ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟದ ಮನೆಗೆ ಕರೆಂಟ್ ಲೈನ್ ಇಲ್ಲ. ಇದ್ದದ್ದು 100 ವ್ಯಾಟ್ ಪ್ಯಾನೆಲ್, 12 ವೋಲ್ಟ್ 26 ಎಎಚ್ (ಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿ. ಬೇಸಿಗೆಯಲ್ಲಿ ಬೆಳಗಿನವರೆಗೂ ಉರಿಯುವ ದೀಪ, ಜುಲೈನಲ್ಲಿ ಮೋಡ ಕವಿದರೆ ರಾತ್ರಿ ಎರಡಕ್ಕೇ ಆರುತ್ತಿತ್ತು. ಕರಡಿ ಓಡಾಡುವ ಜಾಗ, ಅಂಗಳ ಕತ್ತಲಾಗುವಂತಿಲ್ಲ.

ಪ್ಯಾನೆಲ್ ಒರೆಸಿ, ದಕ್ಷಿಣಕ್ಕೆ ವಾಲಿಸಿದೆ. ವೈರ್ ಬದಲಿಸಿದೆ. ಅದೇ ಅಳತೆಯ ಹೊಸ ಬ್ಯಾಟರಿ ಒಂದೇ ಮಳೆಗಾಲ ಬಂತು. ಟ್ರ್ಯಾಕ್ಟರ್ ಬ್ಯಾಟರಿ ನಾಲ್ಕೇ ತಿಂಗಳು; ಅದು ಇಂಜಿನ್ ಸ್ಟಾರ್ಟ್ ಮಾಡೋಕೆ ಇರೋದು, ರಾತ್ರಿಯಿಡೀ ಖಾಲಿಯಾಗೋಕಲ್ಲ.

ಕೊನೆಗೆ ಬಳಕೆಯಿಂದ ಲೆಕ್ಕ ಶುರುಮಾಡಿದೆ. 7 ವ್ಯಾಟ್‌ನ ಮೂರು ಬಲ್ಬ್ 5 ಗಂಟೆ: 105. ಅಂಗಳದ 5 ವ್ಯಾಟ್ ದೀಪ 12 ಗಂಟೆ: 60. ಒಟ್ಟು 165 ವ್ಯಾಟ್-ಗಂಟೆ. ವೈರ್, ಕಂಟ್ರೋಲರ್ (ಚಾರ್ಜಿಂಗ್ ನಿಯಂತ್ರಿಸುವ ಪೆಟ್ಟಿಗೆ) ನಷ್ಟಕ್ಕೆಂದು 0.85ರಿಂದ ಭಾಗಿಸಿದರೆ ಸುಮಾರು 194. ಅದನ್ನು 12ರಿಂದ ಭಾಗಿಸಿದರೆ ದಿನಕ್ಕೆ 16 ಎಎಚ್. ಬಿಸಿಲಿಲ್ಲದ ಎರಡು ದಿನಕ್ಕೆ 32. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 64. ನಾನು 75 ಎಎಚ್ ಟ್ಯೂಬುಲರ್ ತಂದೆ, ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಅದು. ಅಂಗಡಿಯವರು ಪ್ಯಾನೆಲ್ ನೋಡಿ ಬ್ಯಾಟರಿ ಹೇಳಿದ್ದರು, ತಪ್ಪಿದ್ದು ಅಲ್ಲೇ.

ಕಂಟ್ರೋಲರ್ ಕೂಡ 'ಜೆಲ್' ಸೆಟ್ಟಿಂಗ್‌ನಲ್ಲಿತ್ತು; ಅದು ಜೆಲ್ ಬ್ಯಾಟರಿಗೆ ಇರೋದು, ಚಾರ್ಜಿಂಗ್ ವೋಲ್ಟ್ ಕಡಿಮೆ, ಅಂದರೆ ಬ್ಯಾಟರಿ ಪೂರ್ತಿ ತುಂಬುತ್ತಲೇ ಇರಲಿಲ್ಲ. ಅದನ್ನು 'ಫ್ಲಡೆಡ್'ಗೆ (ನೀರು ಹಾಕುವ ಬ್ಯಾಟರಿಗೆ) ಬದಲಿಸಿ ಬೂಸ್ಟ್ (ತುಂಬಿಸುವಾಗ) 14.4, ಫ್ಲೋಟ್ (ತುಂಬಿದ ಮೇಲೆ) 13.7, ಲೋಡ್ ಕಟ್ (ದೀಪ ಆರಿಸುವ ಮಟ್ಟ) 11.8, ಮರುಜೋಡಣೆ (ಮತ್ತೆ ಹೊತ್ತಿಸುವ ಮಟ್ಟ) 12.6 ವೋಲ್ಟ್ ಇಟ್ಟೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ಇದರ ಉಲ್ಟಾ. ಡಿಸ್ಟಿಲ್ಡ್ ನೀರು ತಿಂಗಳಿಗೊಮ್ಮೆ ನೋಡುತ್ತೇನೆ.

ಈ ಮಳೆಗಾಲ ಸತತ ಎರಡು ದಿನ ಮೋಡವಿದ್ದಾಗಲೂ ಅಂಗಳದ ದೀಪ ಬೆಳಗಿನವರೆಗೆ ಉರಿಯಿತು.