ಹಳೆಯ ಪುಸ್ತಕಗಳ ಟಿಫ್, ಡೇಜಾವೂ ಪುಟಗಳು ಬ್ರೌಸರಿನಲ್ಲಿ ತೆರೆಯದಿದ್ದಾಗ

ಹಳೆಯ ಕನ್ನಡ ಪುಸ್ತಕಗಳನ್ನು ಅಂತರಜಾಲದಲ್ಲಿ ಓದಿದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿರುತ್ತದೆ. ಅಲ್ಲಿ ಪುಸ್ತಕದ ಒಂದೊಂದು ಪುಟವೂ ಒಂದೊಂದು ಟಿಫ್ (ಸ್ಕ್ಯಾನ್ ಮಾಡಿದ ಪುಟಗಳಿಗೆ ಬಳಸುವ ಒಂದು ಬಗೆಯ ಕಡತ) ಚಿತ್ರವಾಗಿರುತ್ತಿತ್ತು, ಅದನ್ನು ನೋಡಲು ಆಲ್ಟರ್ನಾಟಿಫ್‌ನಂತಹ ಪ್ಲಗ್-ಇನ್, ಅಂದರೆ ಬ್ರೌಸರಿಗೆ ಸೇರಿಸುವ ಸಹಾಯಕ ತಂತ್ರಾಂಶ, ಬೇಕಾಗುತ್ತಿತ್ತು. ಆ ಪುಸ್ತಕಗಳಲ್ಲಿ ಬಹಳಷ್ಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಆದರೂ ಟಿಫ್ ಮತ್ತು ಡೇಜಾವೂ (ಸ್ಕ್ಯಾನ್ ಮಾಡಿದ ಪುಟಗಳ ಇನ್ನೊಂದು ಬಗೆ) ಕಡತಗಳು ಬೇರೆ ಗ್ರಂಥಾಲಯಗಳಲ್ಲಿ, ಕಚೇರಿಗಳ ದಾಖಲೆಗಳಲ್ಲಿ ಎದುರಾಗುತ್ತಲೇ ಇರುತ್ತವೆ, ಅವುಗಳ ಜೊತೆಗೆ 'ಈ ಪ್ಲಗ್-ಇನ್ ಹಾಕಿಕೊಳ್ಳಿ' ಎಂಬ ಹಳೆಯ ಸೂಚನೆಯೂ ಇರುತ್ತದೆ.

ಆ ಸೂಚನೆಯನ್ನು ಪಾಲಿಸಬೇಡಿ. ಹಳೆಯ ಪ್ಲಗ್-ಇನ್‌ಗಳು ನೆಚ್ಚಿಕೊಂಡಿದ್ದ ಎನ್‌ಪಿಎಪಿಐ ವ್ಯವಸ್ಥೆಯನ್ನು ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ ಪೂರ್ತಿ ತೆಗೆದುಹಾಕಿತು. ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ ಫ್ಲ್ಯಾಶ್ ಒಂದನ್ನು ಉಳಿಸಿಕೊಂಡು ಮಿಕ್ಕ ಎಲ್ಲವನ್ನೂ ಕೈಬಿಟ್ಟಿತು. ಆದ್ದರಿಂದ ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಇಂದಿನ ಬ್ರೌಸರಿಗೆ ಅವು ಕಾಣುವುದೇ ಇಲ್ಲ. ಯಾವುದೋ ಅಪರಿಚಿತ ತಾಣದಿಂದ ಅವುಗಳ ಹಳೆಯ ಆವೃತ್ತಿಯನ್ನು ಇಳಿಸಿಕೊಂಡರೆ ವೈರಸ್ ಬರುವ ಸಾಧ್ಯತೆಯೇ ಹೆಚ್ಚು. ಈಗ ಆ ಕೆಲಸವನ್ನು ಮಾಡುವವು ಬ್ರೌಸರಿನ ಅಧಿಕೃತ ಅಂಗಡಿಯಿಂದ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್‌ಗಳು.

ಎಕ್ಸ್‌ಟೆನ್ಷನ್ ಹಾಕಿಕೊಂಡ ಮೇಲೂ ಚಿತ್ರ ಕಾಣದಿದ್ದರೆ, ಅದನ್ನು ದೂರುವ ಮೊದಲು ಕಡತವನ್ನೇ ಪರೀಕ್ಷಿಸುವುದು ಒಳ್ಳೆಯದು. ಕಡತವನ್ನು ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಉದ್ದಕ್ಕೂ ಅರ್ಥವಿಲ್ಲದ ಚಿಹ್ನೆಗಳೇ ಕಂಡರೂ ಮೊದಲ ಕೆಲವು ಅಕ್ಷರಗಳಿಂದ ವಿಷಯ ತಿಳಿಯುತ್ತದೆ: ಇಂಗ್ಲಿಷಿನ ಐ ಅಥವಾ ಎಂ ಅಕ್ಷರ ಜೋಡಿಯಾಗಿ ಬಂದಿದ್ದರೆ ಅದು ಟಿಫ್, ಎಟಿ ಅಂಡ್ ಟಿ (AT&T) ಎಂದು ಆರಂಭವಾಗಿದ್ದರೆ ಡೇಜಾವೂ, ಏಕೆಂದರೆ ಆ ಬಗೆ ರೂಪುಗೊಂಡದ್ದು ಅದೇ ಹೆಸರಿನ ಕಂಪನಿಯ ಪ್ರಯೋಗಾಲಯದಲ್ಲಿ. ಎಚ್‌ಟಿಎಂಎಲ್ ಎಂಬ ಪದವೇ ಮೊದಲ ಸಾಲಿನಲ್ಲಿದ್ದರೆ ನಿಮಗೆ ಬಂದದ್ದು ಚಿತ್ರವೇ ಅಲ್ಲ. ಲಾಗಿನ್ ಕೇಳುವ ಪುಟವೋ ದೋಷದ ಸಂದೇಶವೋ ಟಿಫ್ ಎಂಬ ಹೆಸರು ಹೊತ್ತು ಬಂದಿದೆ. ಆಗ ತಾಣಕ್ಕೆ ಮತ್ತೆ ಲಾಗಿನ್ ಆಗಿ ನೋಡಬೇಕು, ಎಕ್ಸ್‌ಟೆನ್ಷನ್ ಬದಲಿಸಿ ಪ್ರಯೋಜನವಿಲ್ಲ.

ಕಡತ ಸರಿಯಿದ್ದೂ ಪ್ರತಿ ಸಲ ತೆರೆಯುವ ಬದಲು ಡೌನ್‌ಲೋಡ್ ಆಗುತ್ತಿದ್ದರೆ, ಸರ್ವರ್ ಅದನ್ನು ಏನೆಂದು ಹೇಳಿ ಕಳುಹಿಸುತ್ತಿದೆ ಎಂಬುದನ್ನು ನೋಡಬೇಕು. ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗವನ್ನು ತೆರೆದಿಟ್ಟುಕೊಂಡೇ ಲಿಂಕನ್ನು ಮತ್ತೆ ಒತ್ತಿ, ಪಟ್ಟಿಯಲ್ಲಿ ಬರುವ ಕಡತದ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಕಂಟೆಂಟ್-ಟೈಪ್ ಎಂಬ ಸಾಲು ಸಿಗುತ್ತದೆ. ಅಲ್ಲಿ ಇಮೇಜ್/ಟಿಫ್ ಎಂದಿರಬೇಕಾದ ಕಡೆ ಆಕ್ಟೆಟ್-ಸ್ಟ್ರೀಮ್ (ಬಗೆ ತಿಳಿಸದ ಬರಿಯ ದತ್ತಾಂಶ) ಎಂದಿದ್ದರೆ, ಅಥವಾ ಕಂಟೆಂಟ್-ಡಿಸ್ಪೊಸಿಷನ್ ಸಾಲಿನಲ್ಲಿ ಅಟ್ಯಾಚ್‌ಮೆಂಟ್ (ತೆರೆಯದೆ ಇಳಿಸಿಕೊಳ್ಳಿ ಎಂಬ ಸೂಚನೆ) ಎಂದಿದ್ದರೆ, ತಪ್ಪು ನಿಮ್ಮ ಗಣಕದ್ದಲ್ಲ. ತಾಣದವರಿಗೆ ಬರೆಯುವಾಗ ಈ ಸಾಲನ್ನೇ ನಕಲು ಮಾಡಿ ಕಳುಹಿಸಿದರೆ, 'ತೆರೆಯುತ್ತಿಲ್ಲ' ಎಂಬ ಬರಿಯ ದೂರಿಗಿಂತ ಬೇಗ ಕೆಲಸವಾಗುತ್ತದೆ.

ಇವೆರಡೂ ಸರಿಯಿದ್ದರೆ ಮಾತ್ರ ಎಕ್ಸ್‌ಟೆನ್ಷನ್‌ನ ಸರದಿ. ಕ್ರೋಮ್‌ನಲ್ಲಿ ಅದರ ಡೀಟೇಲ್ಸ್ ಪುಟವನ್ನು ತೆರೆದು, ಎಲ್ಲ ತಾಣಗಳಲ್ಲೂ ಕೆಲಸ ಮಾಡಲು ಅನುಮತಿ ಇದೆಯೇ, ಕ್ಲಿಕ್ ಮಾಡಿದಾಗ ಮಾತ್ರವೇ ಎಂದು ನೋಡಿ. ಗಣಕದಲ್ಲಿ ಉಳಿಸಿಕೊಂಡ ಕಡತಗಳನ್ನು ತೆರೆಯುವ ಅನುಮತಿ ಮತ್ತು ಇನ್‌ಕಾಗ್ನಿಟೊ ಕಿಟಕಿಯ ಅನುಮತಿ ಎರಡನ್ನೂ ನಾವೇ ಕೊಡಬೇಕು, ತಾನಾಗಿ ಸಿಗುವುದಿಲ್ಲ. ಒಂದೇ ಕೆಲಸಕ್ಕೆ ಎರಡು ಎಕ್ಸ್‌ಟೆನ್ಷನ್‌ಗಳಿದ್ದರೆ ಒಂದನ್ನು ನಿಲ್ಲಿಸಿ. ನಿನ್ನೆಯವರೆಗೆ ನಡೆಯುತ್ತಿದ್ದದ್ದು ಇಂದು ನಿಂತಿದ್ದರೆ ಅದು ಮ್ಯಾನಿಫೆಸ್ಟ್ ವಿ2 (ಎಕ್ಸ್‌ಟೆನ್ಷನ್‌ಗಳ ಹಳೆಯ ನಿಯಮಾವಳಿ) ಕಾಲದ್ದಾಗಿರಬಹುದು; ಅಂಥವುಗಳನ್ನು ಕ್ರೋಮ್ 2024ರಿಂದ ಹಂತಹಂತವಾಗಿ ನಿಷ್ಕ್ರಿಯಗೊಳಿಸಿದೆ.

ಮ್ಯಾಕ್ ಬಳಸುವವರಿಗೆ ಟಿಫ್ ವಿಷಯದಲ್ಲಿ ಇಷ್ಟೆಲ್ಲ ತೊಂದರೆಯಿಲ್ಲ, ಸಫಾರಿ ಅದನ್ನು ತಾನೇ ತೋರಿಸುತ್ತದೆ. ಕಚೇರಿಯ ಒಳಜಾಲದಲ್ಲಿ ಆಕ್ಟಿವ್‌ಎಕ್ಸ್ (ಇಂಟರ್ನೆಟ್ ಎಕ್ಸ್‌ಪ್ಲೋರರಿನ ಹಳೆಯ ಪ್ಲಗ್-ಇನ್ ಬಗೆ) ಬೇಡುವ ಹಳೆಯ ತಂತ್ರಾಂಶವಿದ್ದರೆ ಎಡ್ಜ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್ ಒಂದೇ ದಾರಿ. ಸೆಟ್ಟಿಂಗ್ಸ್‌ನಲ್ಲಿ ನಾವೇ ಸೇರಿಸಿದ ವಿಳಾಸ ಅಲ್ಲಿ 30 ದಿನ ಮಾತ್ರ ಉಳಿಯುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಮತ್ತೆ ಸೇರಿಸಬೇಕಾಗುತ್ತದೆ.

ಓದಬೇಕಾದದ್ದು ನಾಲ್ಕಾರು ಪುಟಗಳಿಗಿಂತ ಹೆಚ್ಚಿದ್ದರೆ ಬ್ರೌಸರಿನ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಕಡತವನ್ನು ಇಳಿಸಿಕೊಂಡು, ವಿಂಡೋಸ್‌ನಲ್ಲಿ ಸುಮಾತ್ರಾ ಪಿಡಿಎಫ್ ಅಥವಾ ಲಿನಕ್ಸ್‌ನಲ್ಲಿ ಓಕ್ಯುಲರ್ ಬಳಸಿದರೆ ಟಿಫ್, ಡೇಜಾವೂ ಎರಡೂ ತೆರೆಯುತ್ತವೆ. ಒಂದು ಟಿಫ್ ಕಡತದೊಳಗೆ ಹಲವು ಪುಟಗಳಿರಬಹುದು, ಆದರೆ ಕೆಲವು ವೀಕ್ಷಕ ತಂತ್ರಾಂಶಗಳು ಮೊದಲನೆಯದನ್ನಷ್ಟೇ ತೋರಿಸುತ್ತವೆ. ಮುಖಪುಟ ಮಾತ್ರ ಕಂಡು, ಕಡತದ ಗಾತ್ರ ಹತ್ತಾರು ಎಂಬಿ ಇದ್ದರೆ, ಪುಸ್ತಕ ಅಪೂರ್ಣವೆಂದು ಅಳಿಸಿಹಾಕುವ ಮೊದಲು ಇನ್ನೊಂದು ತಂತ್ರಾಂಶದಲ್ಲಿ ತೆರೆದು ನೋಡಿ.