ಮಗ ಡ್ರಗ್ಸ್ ಕೇಸಲ್ಲಿ ಸಿಕ್ಕಿದ್ರೆ ಜೈಲು ಬದ್ಲು ಚಿಕಿತ್ಸೆ ಕೇಳೋದು ಹೇಗೆ

ಮನೆ ಹುಡುಗನ್ನ ಪೊಲೀಸ್ರು ಕರ್ಕೊಂಡು ಹೋದ್ರು ಅಂದ್ರೆ ಯಾರಿಗೂ ಕೈಕಾಲು ಆಡಲ್ಲ, ಆದ್ರೂ ಮೊದಲು ಎಫ್‌ಐಆರ್ ಕಾಪಿ ತಗೊಂಡು ಯಾವ ಸೆಕ್ಷನ್ ಹಾಕಿದಾರೆ, ಎಷ್ಟು ಮಾಲು ಸಿಕ್ತು ಅಂತ ಬರ್ದಿದಾರೆ, ಇವೆರಡು ನೋಡಿ. ಡ್ರಗ್ಸ್ ಕೇಸಿಗೆ ಹಾಕೋ ಕಾನೂನು ಎನ್‌ಡಿಪಿಎಸ್ ಕಾಯ್ದೆ, ಅದ್ರಲ್ಲಿ ಸೆಕ್ಷನ್ 27 ಅಂದ್ರೆ ಸೇವನೆ. ಗಾಂಜಾ 1 ಕೆಜಿ, ಹೆರಾಯಿನ್ 5 ಗ್ರಾಂ, ಪಾರ್ಟಿ ಡ್ರಗ್ ಅಂತಾರಲ್ಲ ಆ ಎಂಡಿಎಂಎ ಬರೀ ಅರ್ಧ ಗ್ರಾಂ, ಇದು ಸ್ಮಾಲ್ ಕ್ವಾಂಟಿಟಿ, ಅಂದ್ರೆ ಕಾನೂನು ಸಣ್ಣ ಪ್ರಮಾಣ ಅಂತ ಲೆಕ್ಕ ಹಾಕೋ ಲಿಮಿಟ್ಟು. ಎಂಡಿಎಂಎ ಆದ್ರೆ ಒಂದು ಚಿಕ್ಕ ಪೊಟ್ಟಣದಲ್ಲೇ ದಾಟೋಗತ್ತೆ, ಹುಷಾರು.

ಈಗ ಮುಖ್ಯ ವಿಷಯ, ಸೆಕ್ಷನ್ 64ಎ. ಚಟಕ್ಕೆ ಬಿದ್ದವನ ಮೇಲಿರೋದು ಸೇವನೆ ಅಥವಾ ಸ್ಮಾಲ್ ಕ್ವಾಂಟಿಟಿ ಕೇಸಾಗಿದ್ದು, ಅವನೇ ಮನಸ್ಸು ಮಾಡಿ ಸರ್ಕಾರಿ ಇಲ್ಲಾ ಸರ್ಕಾರದ ಮಾನ್ಯತೆ ಇರೋ ಕಡೆ ಚಿಕಿತ್ಸೆ ತಗೊಂಡ್ರೆ ಆ ಕೇಸಲ್ಲಿ ವಿಚಾರಣೆಯಿಂದ ರಕ್ಷಣೆ ಸಿಗತ್ತೆ. ಲಾಯರ್ ಹತ್ರ ಬೇಲ್ ಮಾತಾಡುವಾಗ್ಲೇ ಇದನ್ನೂ ಬಾಯಿಬಿಟ್ಟು ಕೇಳಿ, ಅರ್ಜಿ ಹಾಕ್ಸಿ. ದುಡ್ಡಿಲ್ವಾ, ಕಸ್ಟಡಿಲಿರೋರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಫ್ರೀಯಾಗಿ ವಕೀಲರು ಸಿಕ್ತಾರೆ, 15100ಕ್ಕೆ ಫೋನ್ ಮಾಡಿ.

ಚಿಕಿತ್ಸೆಗೆ ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್, ಇಲ್ಲಾಂದ್ರೆ ಜಿಲ್ಲಾ ಆಸ್ಪತ್ರೆ ಮನೋವೈದ್ಯರು. ಎಲ್ಲಿಗೆ ಹೋಗೋದು ಗೊತ್ತಾಗ್ದಿದ್ರೆ ಚಟ ಬಿಡಿಸೋ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಕಟ್ಟಿಹಾಕಿ ಹೊಡೆಯೋ ಪ್ರೈವೇಟ್ ಸೆಂಟರ್‌ಗೆ ದಯವಿಟ್ಟು ಬಿಡಬೇಡಿ, ಮಾನ್ಯತೆ ಇಲ್ದಿದ್ರೆ ಕೋರ್ಟಲ್ಲೂ ಉಪಯೋಗ ಇಲ್ಲ, ಮಗುನೂ ಕೈಬಿಟ್ಟೋಗತ್ತೆ.

ಅರ್ಧಕ್ಕೆ ಬಿಟ್ರೆ ಮಾತ್ರ ಈ ರಕ್ಷಣೆನ ವಾಪಸ್ ತಗೋಬಹುದು, ಹಾಗಾಗಿ ಒಂದೊಂದು ಚೀಟಿನೂ ಮುಖ್ಯ. ನಮ್ಮ ಬೀದಿ ಅಮ್ಮ ಒಬ್ರು ಓಪಿಡಿ ಚೀಟಿ, ಮಾತ್ರೆ ಬಿಲ್ಲು, ಡಿಸ್ಚಾರ್ಜ್ ಪೇಪರ್ ಎಲ್ಲಾ ಸೀರೆ ಅಂಗಡಿ ಕವರಲ್ಲಿ ತಾರೀಖಿನ ಪ್ರಕಾರ ಜೋಡ್ಸಿ ಎದೆಗವಚ್ಕೊಂಡೇ ಕೋರ್ಟಿಗೆ ಬರೋರು, ಲಾಯರ್ ಏನು ಕೇಳಿದ್ರೂ ತಕ್ಷಣ ತೆಗ್ದು ಕೊಡೋರು, ನೀವೂ ಹಾಗೇ ಇಟ್ಕೊಳ್ಳಿ. ಮಧ್ಯೆ ಹುಡುಗ ಒಂದ್ಸಲ ಮತ್ತೆ ಜಾರಿದ್ರೆ ಮುಚ್ಚಿಡಬೇಡಿ, ಡಾಕ್ಟ್ರಿಗೆ ಹೇಳಿ, ಇದು ಕಾಯಿಲೆ, ವಾಸಿ ಆಗೋವಾಗ ಹೀಗೂ ಆಗತ್ತೆ.

ಚಟಕ್ಕೆ ಬಿದ್ದವನಿಗೆ ಇಂಥದೇ ಸೇವನೆ ಅಥವಾ ಸ್ಮಾಲ್ ಕ್ವಾಂಟಿಟಿ ಕೇಸಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂದೇಬಿಡ್ತು ಅಂದ್ರೂ ಸೆಕ್ಷನ್ 39 ಇದೆ. ಅವನು ಒಪ್ಪಿದ್ರೆ ಕೋರ್ಟು ಶಿಕ್ಷೆ ಕೊಡೋ ಬದ್ಲು ಬಾಂಡ್ ಬರೆಸ್ಕೊಂಡು ಚಿಕಿತ್ಸೆಗೆ ಕಳಿಸ್ಬಹುದು, ಒಂದು ವರ್ಷದೊಳಗೆ ಚಿಕಿತ್ಸೆ ಏನಾಯ್ತು ಅನ್ನೋ ರಿಪೋರ್ಟು ಕೊಡ್ಬೇಕು, ಆ ತಾರೀಖು ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿಡಿ.