ಎಸ್ ಒತ್ತಿದವನು ನಾನೇ

ಅಡಿಕೆ ಮಂಡಿ ಯಜಮಾನರೊಬ್ಬರು ತಮ್ಮ ನೋಕಿಯಾ 6600 ತಂದು ಕೌಂಟರ್ ಮೇಲಿಟ್ಟರು. "ಬೆಳಿಗ್ಗೆ ಚಾರ್ಜ್ ಮಾಡಿದ್ರೆ ಮಧ್ಯಾಹ್ನಕ್ಕೇ ಖಾಲಿ, ನೋಡಪ್ಪ." 2005ರ ಮಾತಿದು. ದಾವಣಗೆರೆಯಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ಹಾಕಿ ವರ್ಷವೂ ಆಗಿರಲಿಲ್ಲ. ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕಿ ದುಡ್ಡು ತಗೊಂಡೆ. ನಾಲ್ಕನೇ ದಿನ ಅದೇ ದೂರು ಹೊತ್ತು ಮತ್ತೆ ಬಂದರು.

ಈ ಸಲ ಫೋನ್ ಆಫ್ ಮಾಡಿ ಆನ್ ಮಾಡಿದೆ. ಸ್ಕ್ರೀನ್ ಮೇಲೆ 'ಕರೀಬೆ' ಅಂತ ಒಂದು ಪದ ಬಂತು. ಎದೆ ಧಸಕ್ಕೆಂದಿತು. ನನ್ನ ಸ್ವಂತ ಫೋನಿನಲ್ಲೂ ವಾರದಿಂದ ಅದೇ ಪದ ಬರುತ್ತಿತ್ತು. ಯಾವುದೋ ಗೇಮ್ ಇರಬೇಕು ಅಂತ ಸುಮ್ನಿದ್ದೆ.

ಸೈಬರ್ ಕೆಫೆಗೆ ಹೋಗಿ ಹುಡುಕಿದಾಗ ಗೊತ್ತಾಯ್ತು, ಇದು ಕ್ಯಾಬಿರ್. 2004ರ ಜೂನ್‌ನಲ್ಲಿ ಮೊದಲು ಕಾಣಿಸಿಕೊಂಡ, ಸಿಂಬಿಯನ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಓಡುವ ಫೋನುಗಳಿಗೆ ಅಂಟುವ ವೈರಸ್. ಫೋಟೊ ಕದಿಯಲ್ಲ, ನಂಬರ್ ಅಳಿಸಲ್ಲ. ಸುತ್ತ 10 ಮೀಟರಿನೊಳಗೆ ಇನ್ನೊಂದು ಫೋನ್ ಇದೆಯಾ ಅಂತ ಬ್ಲೂಟೂತ್‌ನಲ್ಲಿ ಹುಡುಕುತ್ತಲೇ ಇರುತ್ತೆ. ಬ್ಯಾಟರಿ ಕುಡಿಯುತ್ತಿದ್ದದ್ದು ಆ ಹುಡುಕಾಟ.

ತಾನಾಗಿ ಅದು ಒಳಗೆ ನುಗ್ಗಲ್ಲ. ಮೆಸೇಜ್ ತಗೊಳ್ಳಲಾ, ಇದನ್ನು ನಂಬೋಕಾಗಲ್ಲ ಆದರೂ ಮುಂದುವರಿಸಲಾ, ಇನ್‌ಸ್ಟಾಲ್ ಮಾಡಲಾ ಅಂತ ಫೋನ್ ಮೂರು ಸಲ ಕೇಳುತ್ತೆ. ಮೂರಕ್ಕೂ ನಾನು ಎಸ್ ಒತ್ತಿದ್ದೆ. ಬೆಂಗಳೂರಿನಿಂದ ಬರುವ ರಾತ್ರಿ ಬಸ್ಸದು. ನೋ ಅಂದರೆ ಮತ್ತೆ ಕೇಳುತ್ತಿತ್ತು. ಮತ್ತೆ ನೋ, ಮತ್ತೆ ಅದೇ. ಅಂಥ ಫೋನಿನಿಂದ ಹತ್ತು ಹೆಜ್ಜೆ ದೂರ ನಡೆದರೆ ಕಾಟ ತಪ್ಪುತ್ತೆ ಅಂತ ಆಮೇಲೆ ತಿಳಿಯಿತು. ಓಡುವ ಬಸ್ಸಿನಲ್ಲಿ ಎಲ್ಲಿಗೆ ನಡೆಯೋದು ಹೇಳಿ! ಸಾಕಾಗಿ ಎಸ್ ಒತ್ತಿ ಮಲಗಿದೆ. ಅಂಗಡಿಯಲ್ಲಿ ರಿಂಗ್‌ಟೋನ್, ಹಾಡು ಹಾಕಿಕೊಡೋಕೆ ನನ್ನ ಬ್ಲೂಟೂತ್ ಇಡೀ ದಿನ ಆನ್. ಯಜಮಾನರು ವಚನದ ಹಾಡು ಹಾಕಿಸಿಕೊಂಡು ಹೋಗಿದ್ದೂ ಅದೇ ಫೋನಿನಿಂದ.

ತೆಗೆಯೋಕೆ ಆಗ ನನಗೆ ಗೊತ್ತಿದ್ದದ್ದು ಒಂದೇ ದಾರಿ, ಫಾರ್ಮ್ಯಾಟ್. ಹಸಿರು ಬಟನ್, ಸ್ಟಾರ್, 3 ಮೂರನ್ನೂ ಅದುಮಿ ಹಿಡಿದು ಫೋನ್ ಆನ್ ಮಾಡಬೇಕು. ನಂಬರೆಲ್ಲ ಹೋಗುತ್ತೆ. ಡೇಟಾ ಕೇಬಲ್ ಇರಲಿಲ್ಲ. ಯಜಮಾನರು ಒಂದೊಂದೇ ಹೆಸರು ಓದಿದರು, ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ನಡುವೆ "ಇವನು ಇನ್ನೂ ದುಡ್ಡು ಕೊಟ್ಟಿಲ್ಲ" ಅಂತ ಟಿಪ್ಪಣಿ ಬೇರೆ. ಮುಗಿಯೋ ಹೊತ್ತಿಗೆ ಮಂಡಿಯ ಅರ್ಧ ಲೆಕ್ಕ ನನಗೂ ಬಾಯಿಪಾಠ.

ಆಮೇಲೆ ಕಾಮ್‌ವಾರಿಯರ್ ಅನ್ನೋ ಇನ್ನೊಂದು ವೈರಸ್ ಬಂತು. ಅದು ಎಂಎಂಎಸ್‌ನಲ್ಲೂ, ಅಂದರೆ ಫೋಟೊ, ಹಾಡು ಕಳಿಸುವ ಮೆಸೇಜಿನಲ್ಲೂ, ಹರಡುತ್ತಿತ್ತು. 10 ಮೀಟರಿನ ಲೆಕ್ಕ ಅದಕ್ಕಿಲ್ಲ. ಗೊತ್ತಿರೋರ ನಂಬರಿನಿಂದಲೇ ಬರೋದರಿಂದ ಜನ ತೆಗೆದು ನೋಡುತ್ತಿದ್ದರು. ಒಂದೊಂದು ಎಂಎಂಎಸ್‌ಗೂ ದುಡ್ಡು ಬೇರೆ ಕಟ್.

ಈಗ ಮದುವೆ ಕಾರ್ಡ್ ಅಂತ ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲ್, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್, ಒತ್ತಿದವರು ಬರುತ್ತಾರೆ. ಮೊದಲು ಏರೋಪ್ಲೇನ್ ಮೋಡ್ ಹಾಕಿ ಸಿಮ್ ತೆಗೆಯುತ್ತೇನೆ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಮಾತಾಡಿಸುತ್ತೇನೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ. ಆಮೇಲೇ ಫಾರ್ಮ್ಯಾಟ್.

ಯಜಮಾನರಿಗೆ ಬ್ಯಾಟರಿ ದುಡ್ಡು ವಾಪಸ್ ಕೊಡೋಕೆ ಹೋಗಿದ್ದೆ. ತಗೊಳ್ಳಲಿಲ್ಲ. "ಇನ್ನೊಂದು ಹಾಡು ಹಾಕ್ಕೊಡು, ಈ ಸಲ ವೈರಿಂದ" ಅಂದರು.